ಎರಡನೆಯದು ಮೊದಲನೆಯದರ ಜೊತೆಗೇ ಮುಳುಗಬಾರದು

(ಕಾರವಾರದಲ್ಲಿ ಹಾಯಿದೋಣಿಯ ಆಸಕ್ತರು, ಮೀನುಗಾರರು ಮತ್ತು ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಮಾನ್ಯರೇ,

ಹಾಯಿದೋಣಿಯಲ್ಲಿ ನಕ್ಷೆಯನ್ನೂ ದಾರಿಯನ್ನೂ ತೋರಿಸುವ ಕಂಪ್ಯೂಟರ್ ನಡುಗಡಲಿನಲ್ಲಿ ಕೈಕೊಟ್ಟರೆ ಏನು ಗತಿ ಎಂದು ಕೇಳಿದಾಗ ಹೆಚ್ಚಿನವರು ಕೊಡುವ ಉತ್ತರ, 'ಇನ್ನೊಂದನ್ನು ಇಟ್ಟುಕೊಂಡರಾಯಿತು' ಎಂಬುದು. ಇದರಲ್ಲಿ ತಪ್ಪಿಲ್ಲ, ಆದರೆ ಇದು ಅರ್ಧ ಉತ್ತರ. ಮೊದಲನೆಯದನ್ನು ಕೆಡಿಸಿದ ಕಾರಣವೇ ಎರಡನೆಯದನ್ನೂ ಕೆಡಿಸುವಂತಿದ್ದರೆ ನಾವು ದುಪ್ಪಟ್ಟು ದುಡ್ಡು ಕೊಟ್ಟು ಒಂದೇ ಉಪಕರಣವನ್ನು ಕೊಂಡಂತಾಗುತ್ತದೆ. ಈ ದಿನದ ನನ್ನ ಮಾತೆಲ್ಲ ಈ ಒಂದು ಸಂಗತಿಯ ಸುತ್ತಲೇ ಇರುತ್ತದೆ.

ಇದಕ್ಕೆ ನಾನು ಬಲ್ಲ ಅತ್ಯುತ್ತಮ ಉದಾಹರಣೆ ಕಡಲಿನದಲ್ಲ, ಅಂತರಿಕ್ಷದ್ದು. ಜಿಪಿಎಸ್‌ನಂತೆ ಸ್ಥಾನ ತಿಳಿಸುವ ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ 2013ರ ಜುಲೈ 1ರಂದು ಶ್ರೀಹರಿಕೋಟಾದಿಂದ ಹಾರಿತು. ಸ್ಥಾನ ತಿಳಿಸುವ ಯಾವುದೇ ಉಪಗ್ರಹದ ಜೀವಾಳ ಅದರೊಳಗಿನ ಪರಮಾಣು ಗಡಿಯಾರ. ರೇಡಿಯೋ ಸಂಕೇತ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿ.ಮೀ. ಸಾಗುವುದರಿಂದ, ಗಡಿಯಾರವು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದ ಲೆಕ್ಕದಲ್ಲಿ ಮುನ್ನೂರು ಮೀಟರ್ ವ್ಯತ್ಯಾಸ ಬರುತ್ತದೆ. ಇಷ್ಟು ಮುಖ್ಯವಾದುದೆಂದೇ ವಿಜ್ಞಾನಿಗಳು ಅದರಲ್ಲಿ ಮೂರು ರುಬಿಡಿಯಂ ಗಡಿಯಾರಗಳನ್ನು ಇಟ್ಟಿದ್ದರು: ಒಂದು ಕೆಟ್ಟರೆ ಇನ್ನೊಂದು, ಅದೂ ಕೆಟ್ಟರೆ ಮತ್ತೊಂದು. ಮೂರೂ ಹೊರದೇಶದಿಂದ ತಂದ, ಒಂದೇ ತಯಾರಿಕೆಯ ಗಡಿಯಾರಗಳು. 2017ರ ಆರಂಭದ ಹೊತ್ತಿಗೆ ಮೂರೂ ನಿಂತುಹೋಗಿರುವುದು ಪ್ರಕಟವಾಯಿತು. ಅದರ ಜಾಗಕ್ಕೆಂದು ಅದೇ ವರ್ಷದ ಆಗಸ್ಟ್ 31ರಂದು ಹಾರಿಸಿದ ಉಪಗ್ರಹ, ರಾಕೆಟ್ಟಿನ ಶಾಖರಕ್ಷಕ ಕವಚ ಬೇರ್ಪಡದ ಕಾರಣ ಕಕ್ಷೆ ಸೇರಲಿಲ್ಲ. ಮುಂದೆ 2023ರ ಮೇ 29ರಂದು ಹೋದ ಎನ್‌ವಿಎಸ್-01 ಉಪಗ್ರಹದಲ್ಲಿ ಸ್ವದೇಶೀ ರುಬಿಡಿಯಂ ಗಡಿಯಾರವನ್ನು ಅಳವಡಿಸಿದರು. ಮೂರು ಗಡಿಯಾರಗಳಿದ್ದೂ ಅವುಗಳ ದೌರ್ಬಲ್ಯ ಒಂದೇ ಆಗಿತ್ತು ಎಂಬುದನ್ನು ಗಮನಿಸಬೇಕು.

ಆದ್ದರಿಂದ ದೋಣಿಯಲ್ಲಿರುವ ಪ್ರತಿಯೊಂದು ಜೋಡಿಯ ಎದುರು ನಿಂತು ಕೇಳಬೇಕಾದ ಪ್ರಶ್ನೆ ಇದು: ಯಾವ ಒಂದೇ ಘಟನೆ ಇವೆರಡನ್ನೂ ಒಟ್ಟಿಗೆ ಕೆಡಿಸಬಲ್ಲದು? ಹೀಗೆ ಕೇಳುತ್ತ ಹೋದರೆ ಹಾಯಿದೋಣಿಯಲ್ಲಿ ಉತ್ತರಗಳು ಮನೆಗಿಂತಲೂ ಕಚೇರಿಗಿಂತಲೂ ಬೇಗ ಸಿಗುತ್ತವೆ, ಏಕೆಂದರೆ ಅಲ್ಲಿ ಎಲ್ಲವೂ ಒಂದೇ ಬ್ಯಾಟರಿ, ಒಂದೇ ಕೂವೆಮರ (ಹಾಯಿ ಕಟ್ಟುವ ಕಂಬ), ಒಂದೇ ಉಪ್ಪುಗಾಳಿಯನ್ನು ಹಂಚಿಕೊಂಡು ಬದುಕುತ್ತವೆ.

ಮೊದಲು ವಿದ್ಯುತ್ತಿನ ವಿಚಾರ. ಸಾಧಾರಣ ಹಾಯಿದೋಣಿಯಲ್ಲಿ 12 ವೋಲ್ಟಿನ, ನೂರು ಆಂಪಿಯರ್-ಅವರ್ ಸಾಮರ್ಥ್ಯದ ಒಂದು ಲೆಡ್ ಆಸಿಡ್ ಬ್ಯಾಟರಿ ಇದೆ ಎಂದಿಟ್ಟುಕೊಳ್ಳೋಣ. ಅದರ ಆಯುಷ್ಯ ಉಳಿಯಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ನಮ್ಮ ಕೈಗೆ ದಕ್ಕುವುದು ಐವತ್ತು. ಲ್ಯಾಪ್‌ಟಾಪ್ 40 ವಾಟ್ ಎಳೆದರೆ, ಇನ್ವರ್ಟರಿನಲ್ಲಿ ಸೋರಿಹೋಗುವುದೂ ಸೇರಿ ಬ್ಯಾಟರಿಯಿಂದ ಸುಮಾರು ನಾಲ್ಕು ಆಂಪಿಯರ್ ಹೋಗುತ್ತದೆ, ಹನ್ನೆರಡು ಗಂಟೆಯಲ್ಲಿ ಅದೊಂದೇ ಆ ಐವತ್ತನ್ನು ಮುಗಿಸಿಬಿಡುತ್ತದೆ. ಆಟೊಪೈಲಟ್, ವೈರ್‌ಲೆಸ್, ರಾತ್ರಿಯ ದೀಪಗಳ ಲೆಕ್ಕ ಇನ್ನೂ ಹಿಡಿದಿಲ್ಲ. ಎರಡನೆಯ ಲ್ಯಾಪ್‌ಟಾಪ್ ಇದೇ ಬ್ಯಾಟರಿಗೆ ಜೋತುಬಿದ್ದಿದ್ದರೆ ಅದನ್ನು ರಕ್ಷಣೆ ಎನ್ನುವುದು ಹೇಗೆ? ಇದಕ್ಕೆ ಬದಲು ರಾಸ್ಪ್‌ಬೆರಿ ಪೈ ಮಾದರಿಯ ಪುಟ್ಟ ಕಂಪ್ಯೂಟರನ್ನು ಸಣ್ಣ ಪರದೆಯೊಂದಿಗೆ ನೇರವಾಗಿ 12 ವೋಲ್ಟಿನಿಂದ ನಡೆಸಿದರೆ ಎರಡೂ ಸೇರಿ ಹತ್ತು ವಾಟಿನ ಆಸುಪಾಸಿನಲ್ಲಿ ಮುಗಿಯುತ್ತದೆ, ದಿನವಿಡೀ ಓಡಿದರೂ ಇಪ್ಪತ್ತು ಆಂಪಿಯರ್-ಅವರ್. ಓಪನ್‌ಸಿಪಿಎನ್ ಎಂಬ, ಕಡಲ ನಕ್ಷೆ ತೋರಿಸುವ ಉಚಿತ ತಂತ್ರಾಂಶ ಅದರಲ್ಲೂ ಓಡುತ್ತದೆ, ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕೊನೆಯ ಆಸರೆ ಮಾತ್ರ ದೋಣಿಯ ತಂತಿಗೆ ಸಂಬಂಧವೇ ಇಲ್ಲದ, ಪೆನ್ಸಿಲ್ ಸೆಲ್ ಹಾಕಿ ನಡೆಸುವ ಕೈಹಿಡಿಯ ಜಿಪಿಎಸ್ ಆಗಿರಬೇಕು. ಸೆಲ್‌ಗಳನ್ನು ಅದರೊಳಗೆ ಹಾಕಿಡಬೇಡಿ. ಆಲ್ಕಲೈನ್ ಸೆಲ್ ತಿಂಗಳುಗಟ್ಟಲೆ ಒಳಗಿದ್ದು ಸೋರಿದರೆ ಉಪಕರಣದ ಲೋಹದ ನಾಲಗೆಗಳನ್ನೇ ತಿಂದುಹಾಕುತ್ತದೆ. ತುಸು ದುಬಾರಿಯಾದರೂ ಲಿಥಿಯಂ ಪೆನ್ಸಿಲ್ ಸೆಲ್ ತಂದು, ಪೊಟ್ಟಣ ಒಡೆಯದೆ ಪಕ್ಕದಲ್ಲಿಡುವುದು ಲೇಸು.

ಎರಡನೆಯದು ಉಪ್ಪು. ಬೋಟುಗಳ ವೈರ್‌ಲೆಸ್, ಜಿಪಿಎಸ್ ರಿಪೇರಿಗೆಂದು ಬೈತಖೋಲದ ಧಕ್ಕೆಯಲ್ಲಿ ಓಡಾಡುವ ನನಗೆ ಕೆಟ್ಟ ಜಿಪಿಎಸ್ ಎಂದು ಕೊಟ್ಟ ಪೆಟ್ಟಿಗೆಯಲ್ಲಿ ದೋಷ ಸಿಗುವುದು ಕಡಿಮೆ. ದೋಷ ಹೆಚ್ಚಾಗಿ ಸಿಗುವುದು ಆಂಟೆನಾದ ಕನೆಕ್ಟರಿನಲ್ಲಿ. ಮೇಲಿನ ರಬ್ಬರ್ ಕವಚ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅದನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದರೆ ಒಳಗಿನ ಹೆಣಿಗೆ ತಂತಿ ಹಸಿರು ಕಿಲುಬು ಹಿಡಿದು, ಬೆರಳಿಗೆ ಪುಡಿಪುಡಿಯಾಗಿ ಉದುರುತ್ತದೆ. ಕೆಲವೊಮ್ಮೆ ನೀರು ಕೇಬಲ್ಲಿನೊಳಗೇ ಒಂದೆರಡು ಅಡಿ ಹರಿದಿರುತ್ತದೆ, ತುದಿಯನ್ನಷ್ಟೇ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಹದಿನೈದು ದಿನದಲ್ಲಿ ಅದೇ ಕಥೆ. ತವರದ ಲೇಪವಿರುವ ತಾಮ್ರದ ತಂತಿ, ಒಳಮೈಗೆ ಅಂಟು ಸವರಿದ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಟ್ಯೂಬ್, ನೀರು ತೊಟ್ಟಿಕ್ಕಿ ಹೋಗಲೆಂದು ಕನೆಕ್ಟರಿಗೆ ಮೊದಲು ಕೇಬಲ್ಲನ್ನು ಕೆಳಮುಖವಾಗಿ ಬಾಗಿಸಿ ಕಟ್ಟುವುದು, ಇವು ಮೂರೂ ಸೇರಿ ಒಂದು ಹೊಸ ಜಿಪಿಎಸ್‌ನ ಬೆಲೆಯನ್ನು ಉಳಿಸುತ್ತವೆ. ಎರಡು ಜಿಪಿಎಸ್ ಇದ್ದು ಎರಡಕ್ಕೂ ಆಂಟೆನಾ ಒಂದೇ ಆಗಿರುವ ಬೋಟುಗಳನ್ನೂ ಕಂಡಿದ್ದೇನೆ. ಅಲ್ಲಿ ನನ್ನ ಪ್ರಶ್ನೆಗೆ ಉತ್ತರ ಎಲ್ಲಿದೆಯೆಂದು ಕೈಯಿಟ್ಟು ತೋರಿಸಬಹುದು.

ಸಿಡಿಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಏಪ್ರಿಲ್-ಮೇ ತಿಂಗಳ ಸಂಜೆಗಳು ನಿಮಗೆ ಗೊತ್ತು. ಸುತ್ತಲೂ ಚಪ್ಪಟೆ ಕಡಲಿರುವಾಗ ಕೂವೆಮರವೇ ಎಲ್ಲಕ್ಕಿಂತ ಎತ್ತರ. ನೇರ ಹೊಡೆಯದೆ ಹತ್ತಿರದಲ್ಲಿ ಬಿದ್ದ ಸಿಡಿಲೂ ಉದ್ದನೆಯ ತಂತಿಗಳಲ್ಲಿ ವಿದ್ಯುತ್ತನ್ನು ಹುಟ್ಟಿಸಿ, ಅವುಗಳ ತುದಿಯಲ್ಲಿರುವ ಉಪಕರಣಗಳನ್ನೆಲ್ಲ ಒಂದೇ ಕ್ಷಣದಲ್ಲಿ ಸುಡಬಲ್ಲದು. ಗುಡುಗು ಕೇಳಿಸತೊಡಗಿದಾಗ ಕೈಹಿಡಿಯ ಜಿಪಿಎಸ್, ಕೈಹಿಡಿಯ ವೈರ್‌ಲೆಸ್ ಮತ್ತು ನಕಲು ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ಮನೆಯಲ್ಲಿ ಅವಲಕ್ಕಿ ತುಂಬಿಡುತ್ತೇವಲ್ಲ, ಅಂಥ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿಡಿ. ಲೋಹದ ಆವರಣ ಒಳಗಿನದನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಬಹುಮಟ್ಟಿಗೆ ಎನ್ನುವುದನ್ನು ಬೇಕೆಂದೇ ಸೇರಿಸಿದ್ದೇನೆ, ಸಿಡಿಲಿನ ವಿಷಯದಲ್ಲಿ ಗ್ಯಾರಂಟಿ ಕೊಡುವವರನ್ನು ನಂಬಬೇಡಿ.

ಈಗ ಕಂಪ್ಯೂಟರಿಗೆ ಬರೋಣ. ಬ್ಯಾಕಪ್ ಎಂದಾಗ ನಾವು ಮೂರು ಬೇರೆ ಬೇರೆ ಕೆಲಸಗಳನ್ನು ಒಟ್ಟಿಗೆ ಕಲಸಿಬಿಡುತ್ತೇವೆ. ಕಡತಗಳ ನಕಲು ಒಂದು, ಇಡೀ ಯಂತ್ರದ ನಕಲು ಇನ್ನೊಂದು, ಯಂತ್ರ ಮಾಡುತ್ತಿದ್ದ ಕೆಲಸವನ್ನು ಬೇರೊಂದು ದಾರಿಯಿಂದ ಮಾಡಿಕೊಳ್ಳುವುದು ಮೂರನೆಯದು. ಕಡತಗಳ ವಿಷಯದಲ್ಲಿ ಕಂಪ್ಯೂಟರ್ ಬಲ್ಲವರು ಪಾಲಿಸುವ ನಿಯಮ ಸರಳವಾದುದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಡೆ. ದೋಣಿಯ ಮಟ್ಟಿಗೆ 'ಬೇರೆ ಕಡೆ' ಎಂದರೆ ಒಂದು ಮನೆಯಲ್ಲಿ, ಇನ್ನೊಂದು ದೋಣಿ ಬಿಟ್ಟು ಇಳಿಯಬೇಕಾಗಿ ಬಂದಾಗ ಹೆಗಲಿಗೇರಿಸುವ ಚೀಲದಲ್ಲಿ. ನಾನು ಕಂಡ ಒಂದು ಹಾಯಿದೋಣಿಯಲ್ಲಿ ಮೂಲ ಡಿಸ್ಕೂ ನಕಲು ಡಿಸ್ಕೂ ಒಂದೇ ಖಾನೆಯಲ್ಲಿ ಪಕ್ಕಪಕ್ಕದಲ್ಲಿ ಮಲಗಿದ್ದವು, ತಳದ ನೀರು ಏರಿದರೆ ಮೊದಲು ತೋಯುವ ಖಾನೆ ಅದೇ. ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಅಲೆಯ ಹೊಡೆತಕ್ಕೆ ಹೇಳಿ ಮಾಡಿಸಿದ ವಸ್ತುವಲ್ಲ; ಅದರ ಓದುವ ತಲೆ ತಟ್ಟೆಯ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಈ ಪೆಟ್ಟನ್ನು ತಾಳುತ್ತದೆ. ಆದರೆ ವರ್ಷಗಟ್ಟಲೆ ವಿದ್ಯುತ್ ಕಾಣದೆ ಬಿದ್ದಿದ್ದರೆ ಅದರಲ್ಲಿಯ ಮಾಹಿತಿಯೂ ಮಾಸುತ್ತದೆ, ಆದ್ದರಿಂದ ಪ್ರತಿ ಮಳೆಗಾಲದಲ್ಲೊಮ್ಮೆ ಜೋಡಿಸಿ ಓದಿ ನೋಡಬೇಕು.

ಕ್ಲೌಡ್‌ನಲ್ಲಿದೆಯಲ್ಲ ಎನ್ನುವವರಿದ್ದಾರೆ. ದಡದಿಂದ ಹತ್ತಿಪ್ಪತ್ತು ಕಿ.ಮೀ. ಆಚೆ ಹೋದ ಮೇಲೆ ಆ ಕ್ಲೌಡ್ ತಲೆಯ ಮೇಲಿನ ಮೋಡಕ್ಕಿಂತ ಹೆಚ್ಚು ಉಪಯೋಗಕ್ಕೆ ಬಾರದು. ಅದಲ್ಲದೆ ತಾನಾಗಿ ಸಿಂಕ್ ಆಗುವ ವ್ಯವಸ್ಥೆಯಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ.

ಯಂತ್ರದ ನಕಲಿನ ಬಗ್ಗೆ ನನ್ನ ಸಲಹೆ ಖಚಿತವಾದುದು. ಆಪರೇಟಿಂಗ್ ಸಿಸ್ಟಂ, ತಂತ್ರಾಂಶ, ಡ್ರೈವರ್, ನಕ್ಷೆ ಎಲ್ಲವನ್ನೂ ಒಳಗೊಂಡ ಇಡೀ ಡಿಸ್ಕಿನ ಪಡಿಯಚ್ಚನ್ನು ಇನ್ನೊಂದು ಎಸ್‌ಎಸ್‌ಡಿಗೆ ಇಳಿಸಿ, ಸ್ಕ್ರೂಡ್ರೈವರ್ ಸಮೇತ ಒಂದು ಪೊಟ್ಟಣ ಮಾಡಿಡಿ. ಪಡಿಯಚ್ಚು ತೆಗೆದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ದಡದಲ್ಲಿರುವಾಗ ಮೂಲ ಡಿಸ್ಕನ್ನು ಬಿಚ್ಚಿ ತೆಗೆದು, ಇಂಟರ್ನೆಟ್ ಆರಿಸಿ, ನಕಲಿನಿಂದಲೇ ಯಂತ್ರ ಏಳುತ್ತದೆಯೇ, ಜಿಪಿಎಸ್ ಓದುತ್ತದೆಯೇ, ನಕ್ಷೆ ತೆರೆಯುತ್ತದೆಯೇ ಎಂದು ನೋಡಬೇಕು. ಹೆಚ್ಚಿನವರು ಎಡವುವುದು ಕೊನೆಯದರಲ್ಲಿ. ಹಣ ಕೊಟ್ಟು ಕೊಂಡ ನಕ್ಷೆಗಳ ಪರವಾನಗಿ ಒಂದು ನಿರ್ದಿಷ್ಟ ಯಂತ್ರಕ್ಕೋ ಯುಎಸ್‌ಬಿ ಕೀಲಿಗೋ ಕಟ್ಟಿಹಾಕಲ್ಪಟ್ಟಿರುತ್ತದೆ. ಕಡತ ನಕಲಾಗುತ್ತದೆ, ಅದನ್ನು ತೆರೆಯುವ ಅನುಮತಿ ನಕಲಾಗುವುದಿಲ್ಲ. ಎರಡನೆಯ ಯಂತ್ರದಲ್ಲಿ ಕರಾವಳಿಯೇ ಇಲ್ಲದ ಖಾಲಿ ನೀಲಿ ಪರದೆ ಕಾಣುತ್ತದೆ. ಮಾರ್ಗಗಳನ್ನೂ ಗುರುತುಗಳನ್ನೂ ಒಂದೇ ಕಂಪನಿಯ ಯಂತ್ರ ಮಾತ್ರ ಓದುವ ರೂಪದಲ್ಲಿಡದೆ, ಬಹುತೇಕ ತಂತ್ರಾಂಶಗಳು ಓದುವ ಜಿಪಿಎಕ್ಸ್ ರೂಪದಲ್ಲಿ ಉಳಿಸಿಕೊಳ್ಳಬೇಕು.

ಒಂದೇ ಬಗೆಯ ಎರಡು ಯಂತ್ರಗಳು ಒಂದೇ ದಿನ ಕೆಡಬಹುದೆಂಬುದಕ್ಕೆ ತೀರ ಈಚಿನ ಪುರಾವೆ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಜಗತ್ತಿನಾದ್ಯಂತ ಕುಸಿದವು. ಎಷ್ಟು ಕಂಪ್ಯೂಟರ್ ಇದ್ದರೂ ವಿಮಾನ ನಿಲ್ದಾಣಗಳಿಗೆ ಆ ದಿನ ಪ್ರಯೋಜನವಾಗಲಿಲ್ಲ. ಹೊರಡುವ ಒಂದು ವಾರ ಮೊದಲೇ ಅಪ್‌ಡೇಟ್‌ಗಳನ್ನು ಮುಗಿಸಿ, ಅನಂತರ ದಡ ಸೇರುವವರೆಗೆ ಅವನ್ನು ನಿಲ್ಲಿಸಿಡುವುದು, ಒಂದು ಯಂತ್ರ ವಿಂಡೋಸ್ ಆದರೆ ಇನ್ನೊಂದು ಲಿನಕ್ಸ್ ಅಥವಾ ಆಂಡ್ರಾಯ್ಡ್ ಆಗಿರುವಂತೆ ನೋಡಿಕೊಳ್ಳುವುದು ಸಣ್ಣ ವಿಷಯವಲ್ಲ. ಜಿಪಿಎಸ್‌ಗೂ ಇದೇ ಮಾತು. ಜಿಪಿಎಸ್ ಸಂಕೇತದಲ್ಲಿ ವಾರದ ಸಂಖ್ಯೆಗೆ ಮೂಲತಃ ಇಟ್ಟ ಜಾಗ ಹತ್ತು ಬಿಟ್ ಮಾತ್ರ. 1024 ವಾರಗಳಾದ ಮೇಲೆ, ಅಂದರೆ ಸುಮಾರು 19.6 ವರ್ಷಕ್ಕೊಮ್ಮೆ, ಅದು ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್ 6ರಂದು ಇನ್ನೊಮ್ಮೆ ಹೀಗಾಯಿತು, ಮುಂದಿನದು 2038ರ ನವೆಂಬರ್‌ನಲ್ಲಿ. ಇದಕ್ಕೆ ಸಿದ್ಧವಾಗಿರದ ಹಳೆಯ ರಿಸೀವರ್‌ಗಳು ಇಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸತೊಡಗುತ್ತವೆ. ಒಟ್ಟಿಗೆ ಕೊಂಡ ಒಂದೇ ಮಾದರಿಯ ಎರಡು ರಿಸೀವರ್‌ಗಳಿದ್ದರೆ ಎರಡೂ ಅದೇ ದಿನ.

ಉಪಗ್ರಹ ವ್ಯವಸ್ಥೆಗಳೇ ನಿಂತುಹೋಗುವುದೂ ಉಂಟು. ರಷ್ಯಾದ ಗ್ಲೊನಾಸ್ 2014ರ ಏಪ್ರಿಲ್‌ನಲ್ಲಿ ತಪ್ಪು ಕಕ್ಷಾ ಮಾಹಿತಿಯಿಂದಾಗಿ ಸುಮಾರು ಅರ್ಧ ದಿನ ಹಾದಿ ತಪ್ಪಿತು. ಯುರೋಪಿನ ಗೆಲಿಲಿಯೋ 2019ರ ಜುಲೈನಲ್ಲಿ ಹೆಚ್ಚುಕಡಿಮೆ ಒಂದು ವಾರ ಮೌನವಾಗಿತ್ತು. ಹಲವು ವ್ಯವಸ್ಥೆಗಳನ್ನು ಒಟ್ಟಿಗೆ ಓದುವ ರಿಸೀವರ್ ಇದ್ದ ಹೆಚ್ಚಿನವರಿಗೆ ಗೆಲಿಲಿಯೋದ ಮೌನ ತಿಳಿಯಲೂ ಇಲ್ಲ. ಜಾಮಿಂಗ್, ಅಂದರೆ ಗದ್ದಲದ ಸಂಕೇತ ಹೊರಡಿಸಿ ರಿಸೀವರಿಗೆ ಏನೂ ಕೇಳಿಸದಂತೆ ಮಾಡುವುದು, ಬೇರೆ ಬಗೆಯ ಶತ್ರು, ಅದು ಎಲ್ಲವನ್ನೂ ಒಟ್ಟಿಗೆ ಕುರುಡಾಗಿಸುತ್ತದೆ. ಸುಳ್ಳು ಸಂಕೇತ ಅದಕ್ಕಿಂತ ಕೆಟ್ಟದ್ದು. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಹಡಗುಗಳ ಪರದೆಯ ಮೇಲೆ, ಅವು ದಡದ ಮೇಲಿನ ಗೆಲೆಂಝಿಕ್ ವಿಮಾನ ನಿಲ್ದಾಣದಲ್ಲಿರುವಂತೆ ಕಾಣಿಸಿತು. 2025ರಲ್ಲಿ ಹೊರ್ಮುಜ್ ಜಲಸಂಧಿಯ ಸುತ್ತಮುತ್ತ, ಅಂದರೆ ನಮ್ಮದೇ ಅರಬ್ಬಿ ಸಮುದ್ರದ ಬಾಗಿಲಲ್ಲಿ, ನೂರಾರು ಹಡಗುಗಳು ಇಂಥ ಅಡಚಣೆಯನ್ನು ಎದುರಿಸಿದವು. ಇಲ್ಲಿ ಕಣ್ಣಿಗೆ ಬೀಳದ ಒಂದು ನಂಟಿದೆ. ಹಡಗುಗಳು ತಮ್ಮ ಗುರುತು, ಸ್ಥಾನಗಳನ್ನು ತಾವಾಗಿ ರೇಡಿಯೋದಲ್ಲಿ ಸಾರುವ ಎಐಎಸ್ ಎಂಬ ಸಾಧನ, ನಮ್ಮ ಸ್ಥಾನವೆಂದು ಸುತ್ತಲಿನ ಹಡಗುಗಳಿಗೆ ಹೇಳುವುದು ಜಿಪಿಎಸ್ ಹೇಳಿದ್ದನ್ನೇ. ಆಟೊಪೈಲಟ್ ಹಿಡಿದ ಮಾರ್ಗ, ವೈರ್‌ಲೆಸ್‌ನ ಅಪಾಯದ ಗುಂಡಿ ಒತ್ತಿದಾಗ ಹೋಗುವ ಸ್ಥಾನ, ಕೆಲವು ದೋಣಿಗಳಲ್ಲಿ ಗೋಡೆ ಗಡಿಯಾರದ ಸಮಯವೂ ಅದರದ್ದೇ. ಐದು ಪರದೆಗಳು ಒಂದೇ ಸ್ಥಾನ ತೋರಿಸಿದರೆ ಐವರು ಸಾಕ್ಷಿ ಹೇಳಿದಂತೆ ತೋರುತ್ತದೆ, ಆದರೆ ಐವರೂ ಒಬ್ಬನಿಂದಲೇ ಕೇಳಿಕೊಂಡು ಬಂದವರು.

ನಕ್ಷೆಯ ವಿಚಾರದಲ್ಲಿ ಒಂದು ದುರಂತವನ್ನು ಹೇಳಲೇಬೇಕು. 2014ರ ನವೆಂಬರ್ 29ರ ರಾತ್ರಿ, ವೋಲ್ವೋ ಓಷನ್ ರೇಸ್‌ನಲ್ಲಿ ಕೇಪ್‌ಟೌನಿನಿಂದ ಅಬುಧಾಬಿಗೆ ಹೊರಟಿದ್ದ ವೆಸ್ಟಾಸ್ ವಿಂಡ್ ತಂಡದ ಹಾಯಿದೋಣಿ ಮಾರಿಷಸ್‌ನ ಈಶಾನ್ಯದ ಕಾರ್ಗಾಡೋಸ್ ಕರಾಜೋಸ್ ಹವಳದಿಬ್ಬಗಳಿಗೆ ಪೂರ್ಣ ವೇಗದಲ್ಲಿ ಬಡಿಯಿತು. ಒಂಬತ್ತು ಮಂದಿಯೂ ಬದುಕಿದರು. ಕಂಪ್ಯೂಟರ್ ಕೆಟ್ಟಿರಲಿಲ್ಲ, ಜಿಪಿಎಸ್ ಸರಿಯಾಗಿತ್ತು, ದಿಬ್ಬ ನಕ್ಷೆಯಲ್ಲಿಯೂ ಇತ್ತು. ಇಡೀ ಸಾಗರವನ್ನು ಒಂದೇ ಪರದೆಯಲ್ಲಿ ನೋಡುವಾಗ ವೆಕ್ಟರ್ ನಕ್ಷೆ, ಅಂದರೆ ಹಿಗ್ಗಿಸಿದಂತೆ ಕುಗ್ಗಿಸಿದಂತೆ ಕಂಪ್ಯೂಟರ್ ಹೊಸದಾಗಿ ಬಿಡಿಸುವ ನಕ್ಷೆ, ವಿವರಗಳನ್ನು ಮರೆಮಾಡುತ್ತದೆ. ಆ ಜಾಗವನ್ನು ಸಾಕಷ್ಟು ಹಿಗ್ಗಿಸಿ ಯಾರೂ ನೋಡಿರಲಿಲ್ಲ. ಕಾರವಾರದಿಂದ ಲಕ್ಷದ್ವೀಪಕ್ಕೆ ಹಾಯಿ ಬಿಚ್ಚುವವರು, ಅಲ್ಲಿಗೆ ಬೇಕಾದ ಪ್ರವೇಶ ಪರವಾನಗಿಯೆಲ್ಲ ಪಡೆದ ಮೇಲೆ, ಬಿತ್ರಾ ದ್ವೀಪದ ಉತ್ತರಕ್ಕಿರುವ ಬೈರಮ್‌ಗೋರ್ ಮತ್ತು ಚೆರ್ಬನಿಯಾನಿ ದಿಬ್ಬಗಳನ್ನು ತಮ್ಮ ಪರದೆಯಲ್ಲಿ ಒಮ್ಮೆ ಹಿಗ್ಗಿಸಿಯೂ ಒಮ್ಮೆ ಕುಗ್ಗಿಸಿಯೂ ನೋಡಲಿ, ನಾನು ಹೇಳುವುದು ತಾನಾಗಿ ತಿಳಿಯುತ್ತದೆ.

ಕಾಗದದ ನಕ್ಷೆಯಲ್ಲಿ ಈ ಮರೆಮಾಚುವಿಕೆ ಇಲ್ಲ. ನಮ್ಮ ನೀರಿನ ನಕ್ಷೆಗಳನ್ನು ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿ ಪ್ರಕಟಿಸುತ್ತದೆ. ಅಮೆರಿಕದ ಕಚೇರಿ ತನ್ನ ಸಾಂಪ್ರದಾಯಿಕ ಕಾಗದದ ನಕ್ಷೆಗಳನ್ನು 2025ರ ಆರಂಭಕ್ಕೆ ಪೂರ್ತಿ ನಿಲ್ಲಿಸಿತು, ಬ್ರಿಟನ್ನಿನದು ಕೂಡ ಹಂತಹಂತವಾಗಿ ಹಿಂತೆಗೆಯುವ ಹಾದಿಯಲ್ಲಿದೆ. ಸಿಗುವಾಗಲೇ ಕೊಂಡಿಡಿ ಎನ್ನುತ್ತೇನೆ. ಎರಡು ಎಚ್ಚರಿಕೆಗಳಿವೆ. ಹಳೆಯ ಸಮೀಕ್ಷೆಯ ಆಧಾರದ ನಕ್ಷೆಯ ಅಕ್ಷಾಂಶ-ರೇಖಾಂಶಕ್ಕೂ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್-84 ಲೆಕ್ಕಕ್ಕೂ ನೂರು ಮೀಟರ್ ಮೀರಿ ಅಂತರವಿರಬಹುದು. ನಕ್ಷೆಯ ಶೀರ್ಷಿಕೆಯ ಕೆಳಗೆ ಯಾವ ಆಧಾರವೆಂದು ಬರೆದಿರುತ್ತದೆ, ಓದಿ. ಇನ್ನೊಂದು, ನಕ್ಷೆ ಹಳತಾಗುತ್ತದೆ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದ ಮೇಲೆ ಅಳಿವೆಯ ಒಳಗಿನ ನೋಟವೇ ಬದಲಾಯಿತು, ಅದು ಯಾರ ಫೋನಿನ ನಕ್ಷೆಯಲ್ಲೂ ಮಾರನೆಯ ದಿನ ತಿದ್ದುಪಡಿಯಾಗಿರಲಾರದು. ಅಘನಾಶಿನಿ, ಶರಾವತಿ ಅಳಿವೆಗಳ ಮರಳುದಿಬ್ಬಗಳಂತೂ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತವೆ. ಅಲ್ಲಿ ಎಷ್ಟು ಬ್ಯಾಕಪ್ ಇದ್ದರೂ ಉಪಯೋಗವಿಲ್ಲ. ತದಡಿಯ ಅಥವಾ ಹೊನ್ನಾವರದ ತಾಂಡೇಲರೊಬ್ಬರನ್ನು (ಬೋಟು ನಡೆಸುವ ಮುಖ್ಯಸ್ಥರನ್ನು) ಕೇಳಿಯೇ ಒಳಗೆ ಬರಬೇಕು.

ಎರಡನೆಯ ಉಪಕರಣ ಸರಿಯಾಗಿದ್ದೂ ಅದನ್ನು ನೋಡದಿದ್ದರೆ? 1995ರ ಜೂನ್‌ನಲ್ಲಿ ಬರ್ಮುಡಾದಿಂದ ಬೋಸ್ಟನ್ನಿಗೆ ಹೊರಟ ರಾಯಲ್ ಮೆಜೆಸ್ಟಿ ಎಂಬ ಪ್ರವಾಸಿ ಹಡಗಿನಲ್ಲಿ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿತು. ಯಂತ್ರ ಆಗ ನಿಲ್ಲಲಿಲ್ಲ. ವೇಗ ಮತ್ತು ದಿಕ್ಕಿನ ಅಂದಾಜಿನ ಮೇಲೆ ಲೆಕ್ಕ ಹಾಕುತ್ತ, ಪರದೆಯ ಮೂಲೆಯಲ್ಲಿ ಎರಡು ಸಣ್ಣ ಅಕ್ಷರಗಳಲ್ಲಿ ಅದನ್ನು ಸೂಚಿಸುತ್ತ ಮುಂದುವರಿಯಿತು. ಪಕ್ಕದಲ್ಲಿದ್ದ, ದಡದ ರೇಡಿಯೋ ಕೇಂದ್ರಗಳಿಂದ ಸ್ಥಾನ ತಿಳಿಯುವ ಲೊರಾನ್ ಉಪಕರಣ ಸರಿಯಾದ ಸ್ಥಾನವನ್ನೇ ಹೇಳುತ್ತಿತ್ತು, ಯಾರೂ ಎರಡನ್ನೂ ಹೋಲಿಸಿ ನೋಡಲಿಲ್ಲ. ಸುಮಾರು 34 ಗಂಟೆಗಳ ಬಳಿಕ, ಇರಬೇಕಾದ ದಾರಿಯಿಂದ 17 ಮೈಲಿ ಆಚೆ, ನ್ಯಾಂಟಕೆಟ್ ಬಳಿ ಹಡಗು ಮರಳಿಗೇರಿತು. ಜೀವಹಾನಿಯಾಗಲಿಲ್ಲ ಎಂಬುದೇ ಸಮಾಧಾನ.

ಹಾಗಾದರೆ ಜಿಪಿಎಸ್‌ನೊಂದಿಗೆ ಹೋಲಿಸಲು, ಅದರ ಹಂಗಿಲ್ಲದ ಸಾಕ್ಷಿಗಳು ಯಾವುವು? ನಮ್ಮ ಕರಾವಳಿಯ ಪುಣ್ಯ, ಇಲ್ಲಿ ಗುರುತುಗಳಿಗೆ ಬರವಿಲ್ಲ. ಕಾರವಾರದ ಕೊಲ್ಲಿಯಲ್ಲಿ ದೇವಗಡದ ದೀಪಸ್ತಂಭ, ಕೂರ್ಮಗಡ, ಸದಾಶಿವಗಡದ ಗುಡ್ಡ. ತೆಂಕಣಕ್ಕೆ ಹೋದರೆ ಹೊನ್ನಾವರದ ಎದುರಿನ ಬಸವರಾಜದುರ್ಗ, ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ. ಕೈದಿಕ್ಸೂಚಿಯಿಂದ ಎರಡು ಗುರುತುಗಳ ದಿಕ್ಕನ್ನು ಓದಿ ನಕ್ಷೆಯ ಮೇಲೆ ಗೆರೆ ಎಳೆದರೆ ಅವು ಕೂಡುವಲ್ಲಿ ನಾವಿದ್ದೇವೆ. ಇಲ್ಲಿ ಇದು ಬರಿಯ ಕೌಶಲದ ಮಾತಲ್ಲ. ಐಎನ್‌ಎಸ್ ಕದಂಬ ನೌಕಾನೆಲೆಯೂ ಅಂಜದಿವ ದ್ವೀಪವೂ ಇರುವ ನೀರಿನಲ್ಲಿ 'ಜಿಪಿಎಸ್ ಕೆಟ್ಟಿತ್ತು' ಎಂಬ ಸಮಜಾಯಿಷಿಯನ್ನು ಯಾರೂ ಸಂತೋಷದಿಂದ ಕೇಳುವುದಿಲ್ಲ. ಆಳ ಅಳೆಯುವ ಎಕೋ ಸೌಂಡರ್ ಎರಡನೆಯ ಸಾಕ್ಷಿ. ಅದು ಆಕಾಶದಿಂದ ಏನನ್ನೂ ಬೇಡುವುದಿಲ್ಲ. ಪರದೆಯ ನಕ್ಷೆ 20 ಮೀಟರ್ ಎನ್ನುವಲ್ಲಿ ಸೌಂಡರ್ 12 ತೋರಿಸಿದರೆ, ಉಬ್ಬರ-ಇಳಿತದ ಲೆಕ್ಕ ಕಳೆದ ಮೇಲೂ, ಎರಡರಲ್ಲೊಂದು ಸುಳ್ಳು ಹೇಳುತ್ತಿದೆ. ಮೂರನೆಯದು ಲಾಗ್ ಪುಸ್ತಕ. ಗಂಟೆಗೊಮ್ಮೆ ಸಮಯ, ಸ್ಥಾನ, ದಿಕ್ಕು, ವೇಗ, ಆಳವನ್ನು ಪೆನ್ಸಿಲಿನಲ್ಲಿ ಬರೆದಿಟ್ಟರೆ, ಎಲ್ಲವೂ ಆರಿಹೋದ ಕ್ಷಣದಲ್ಲಿ ಕಳೆದ ಒಂದು ಗಂಟೆಯ ಲೆಕ್ಕ ಮಾತ್ರ ಬಾಕಿ ಇರುತ್ತದೆ.

ಸೂರ್ಯ, ನಕ್ಷತ್ರಗಳ ಎತ್ತರ ಅಳೆದು ಸ್ಥಾನ ತಿಳಿಯುವ ಸೆಕ್ಸ್ಟೆಂಟ್ ಕಲಿಯಬೇಕೇ ಎಂದು ಉತ್ಸಾಹಿಗಳು ಕೇಳುತ್ತಾರೆ. ನಿವೃತ್ತ ನೌಕಾಧಿಕಾರಿ ಅಭಿಲಾಷ್ ಟಾಮಿ ಅವರು ಆಧುನಿಕ ಪಥದರ್ಶಕ ಉಪಕರಣಗಳಿಗೆ ಅವಕಾಶವಿಲ್ಲದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಒಬ್ಬರೇ ಭೂಮಿ ಸುತ್ತಿ 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಸೇರಿದ್ದನ್ನು ಓದಿದ ಮೇಲೆ ಈ ಆಸೆ ಹುಟ್ಟುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಭಟ್ಕಳ-ಗೋವಾ ನಡುವೆ ಓಡಾಡುವವರಿಗೆ ಅದು ಬೇಡ. ಕಾರವಾರದ ಅಕ್ಷಾಂಶ ಸುಮಾರು 14 ಡಿಗ್ರಿ 48 ಮಿನಿಟು, ಧ್ರುವನಕ್ಷತ್ರ ಇಲ್ಲಿ ಕ್ಷಿತಿಜದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಹಿಂದೆ ಅರಬ್ಬಿ ನಾವಿಕರು ಗಂಟು ಹಾಕಿದ ದಾರ ಕಟ್ಟಿದ ಮರದ ಹಲಗೆ, ಕಮಾಲ್ ಎಂಬುದರಿಂದ, ಇದನ್ನೇ ಅಳೆದು ಈ ತೀರಕ್ಕೆ ಬರುತ್ತಿದ್ದರು. ಆದರೆ ಆ ನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿದೆ. ಕೋಷ್ಟಕ ನೋಡಿ ತಿದ್ದಿಕೊಳ್ಳದಿದ್ದರೆ ಕಾರವಾರದ ಎದುರಿಗಿರುವವರನ್ನು ಅದು ಪಣಜಿಯ ಹತ್ತಿರಕ್ಕೋ ಹೊನ್ನಾವರದ ಹತ್ತಿರಕ್ಕೋ ಕಳಿಸಬಲ್ಲದು. ಲಕ್ಷದ್ವೀಪದ ದಾರಿಯಲ್ಲಿ ಮಾತ್ರ ಸೆಕ್ಸ್ಟೆಂಟಿಗೆ ಬೆಲೆಯಿದೆ. ಕಾರವಾರದಿಂದ ಅಗತ್ತಿ ಸುಮಾರು 260 ನಾಟಿಕಲ್ ಮೈಲಿ. ಬರೀ ದಿಕ್ಕು-ವೇಗದ ಅಂದಾಜಿನಲ್ಲಿ ನೂರಕ್ಕೆ ಐದರಷ್ಟು ತಪ್ಪಿದರೂ 13 ಮೈಲಿಯಾಯಿತು, ಅಷ್ಟು ತಗ್ಗಾದ ದ್ವೀಪದ ತೆಂಗಿನ ತಲೆಗಳು ಅಷ್ಟು ದೂರಕ್ಕೆ ಕಾಣುವುದೇ ಕಷ್ಟ.

ಈ ಕರಾವಳಿಯಲ್ಲಿ ನಾನು ಕಂಡ ಅತ್ಯುತ್ತಮ ಬ್ಯಾಕಪ್ ಒಂದು ನೋಟುಪುಸ್ತಕ. ಟ್ರಾಲ್ ಬೋಟಿನ ಹಿರಿಯ ತಾಂಡೇಲರು ಬಲೆ ಸಿಕ್ಕಿಕೊಳ್ಳುವ ಕಲ್ಲುಗಳ, ಮುಳುಗಿದ ಬೋಟುಗಳ, ಒಳ್ಳೆಯ ಮೀನು ಸಿಕ್ಕ ಜಾಗಗಳ ಪಾಯಿಂಟುಗಳನ್ನು ಜಿಪಿಎಸ್‌ನಲ್ಲಿ ಉಳಿಸಿದ್ದರೂ, ಅವನ್ನೆಲ್ಲ ಬಾಲ್ ಪೆನ್ನಿನಲ್ಲಿ ಬರೆದು, ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಕ್ಯಾಬಿನ್ನಿನ ಛಾವಣಿಯ ಪಟ್ಟಿಗೆ ಸಿಕ್ಕಿಸಿಡುತ್ತಾರೆ. ಒಂದೊಂದು ಸಾಲಿನ ಪಕ್ಕ ಆಳವನ್ನು ಮಾರಿನ ಲೆಕ್ಕದಲ್ಲಿ ಬರೆದಿರುತ್ತದೆ, ಕೆಲವು ಕಡೆ ಯಾವ ಗುಡ್ಡ ಯಾವುದರ ಹಿಂದೆ ಬರಬೇಕೆಂಬುದನ್ನೂ ಸಹ. ಇದಕ್ಕೆ ಬ್ಯಾಟರಿ ಬೇಡ, ಪರವಾನಗಿ ಬೇಡ. ನಾನು ಸೇರಿಸುವುದು ಇಷ್ಟೇ: ಸಂಖ್ಯೆಯ ರೂಪವನ್ನು ಮೊದಲ ಪುಟದಲ್ಲಿ ಬರೆದಿಡಿ. 14 ಡಿಗ್ರಿ 48.30 ಎಂಬುದು ಮಿನಿಟಿನ ದಶಾಂಶವೋ, 48 ಮಿನಿಟು 30 ಸೆಕೆಂಡೋ ಎಂಬ ಗೊಂದಲದಿಂದ 370 ಮೀಟರ್ ತಪ್ಪು ಬರುತ್ತದೆ, ಬಲೆ ಹರಿಯಲು ಅಷ್ಟು ಧಾರಾಳ.

ಇವೆಲ್ಲವನ್ನೂ ಮೊದಲ ಸಲ ಪ್ರಯತ್ನಿಸುವ ದಿನ ಬಿರುಗಾಳಿಯ ದಿನವಾಗಬಾರದು. ನವೆಂಬರ್‌ನಿಂದ ಫೆಬ್ರವರಿಯ ನಡುವೆ, ಕಡಲು ಸಮಾಧಾನವಾಗಿರುವಾಗ, ಬೇಲೆಕೇರಿಯಿಂದ ತದಡಿಯ ಕಡೆಗೆ ಸುಮಾರು ಹನ್ನೆರಡು ನಾಟಿಕಲ್ ಮೈಲಿಯ ದಾರಿಯನ್ನು ಚಾರ್ಟ್‌ಪ್ಲಾಟರಿನ (ನಕ್ಷೆಯ ಮೇಲೆ ಸ್ಥಾನ ತೋರಿಸುವ ಪರದೆಯ) ಸ್ವಿಚ್ ಆರಿಸಿ, ಕಾಗದದ ನಕ್ಷೆ ಮತ್ತು ದಿಕ್ಸೂಚಿಯ ಮೇಲೆ ಕ್ರಮಿಸಿ ನೋಡಿ. ಜೊತೆಗಿರುವವರೊಬ್ಬರ ಕೈಯಲ್ಲಿ ಕೈಹಿಡಿಯ ಜಿಪಿಎಸ್ ಇರಲಿ, ಆದರೆ ನೀವು ಕೇಳುವವರೆಗೆ ಅವರು ಬಾಯಿಬಿಡದಿರಲಿ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. 'ಸರ್, ಎಲ್ಲರ ಮೊಬೈಲಿನಲ್ಲೂ ಜಿಪಿಎಸ್ ಇದೆ, ಅದೇ ಸಾಲುವುದಿಲ್ಲವೇ?' ಎಂದು ಬೋಟಿನಲ್ಲಿ ದುಡಿಯುವ ಯುವಕರೊಬ್ಬರು ಕೇಳಿದರು. ಮೂರನೆಯ ಉಪಕರಣವಾಗಿ ಅದು ಬಹಳ ಒಳ್ಳೆಯದು. ಟವರ್ ಸಿಗದಿದ್ದರೆ ಮೊಬೈಲಿನ ಜಿಪಿಎಸ್ ಸಾಯುತ್ತದೆ ಎಂಬುದು ತಪ್ಪು ತಿಳಿವಳಿಕೆ, ಮೊದಲ ಸ್ಥಾನ ಹಿಡಿಯಲು ತುಸು ತಡವಾಗುತ್ತದೆ ಅಷ್ಟೇ. ನಕ್ಷೆಯನ್ನು ಮಾತ್ರ ದಡದಲ್ಲಿಯೇ ಇಳಿಸಿಕೊಂಡಿರಬೇಕು. ಒದ್ದೆ ಬೆರಳಿಗೆ ಪರದೆ ಓಗೊಡುವುದಿಲ್ಲ, ಮಧ್ಯಾಹ್ನದ ಬಿಸಿಲಿಗೆ ಕಾದು ತಾನೇ ಆರುತ್ತದೆ, ಇವನ್ನು ಲೆಕ್ಕಕ್ಕೆ ಹಿಡಿದಿರಬೇಕು.

ಇನ್ನೊಬ್ಬರು ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳಬಹುದೇ ಎಂದರು. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಹೊರದೇಶದಿಂದ ತಂದ ಉಪಗ್ರಹ ಸಂದೇಶ ಸಾಧನಗಳಿಗೂ ಇದೇ ಅನ್ವಯಿಸುತ್ತದೆ, ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ. ಅಪಾಯದ ಕರೆಗೆಂದು 406 ಮೆಗಾಹರ್ಟ್ಸ್‌ನ ಇಪಿಐಆರ್‌ಬಿಯನ್ನು (ಉಪಗ್ರಹದ ಮೂಲಕ ಅಪಾಯದ ಸಂಕೇತ ಕಳಿಸುವ ಸಾಧನವನ್ನು) ನೋಂದಾಯಿಸಿ ಇಡಬಹುದು. ಮೀನುಗಾರಿಕಾ ಬೋಟುಗಳಿಗಾಗಿ ಇಸ್ರೋ ರೂಪಿಸಿದ, ಅಪಾಯದ ಕರೆ ಕಳಿಸುವ ಡ್ಯಾಟ್ ಎಂಬ ಸಾಧನವಿದೆ, ಅದರ ಎರಡನೆಯ ಪೀಳಿಗೆಯಲ್ಲಿ ನಿಮ್ಮ ಕರೆ ತಲುಪಿತೆಂಬ ಉತ್ತರವೂ ಮರಳಿ ಬರುತ್ತದೆ. ಟವರ್ ಸಿಗುವಷ್ಟು ದೂರದಲ್ಲಿ ಕರಾವಳಿ ರಕ್ಷಣಾ ಪಡೆಯ ಫೋನ್ ಸಂಖ್ಯೆ 1554, ಅದರಾಚೆ ವೈರ್‌ಲೆಸ್‌ನ 16ನೇ ಚಾನೆಲ್. ಇಪಿಐಆರ್‌ಬಿಯ ಬ್ಯಾಟರಿಯನ್ನು ಯಾವಾಗ ಬದಲಿಸಬೇಕೆಂಬ ದಿನಾಂಕ ಅದರ ಮೈಮೇಲೆಯೇ ಮುದ್ರಿತವಾಗಿರುತ್ತದೆ. ಮೀನುಗಾರಿಕೆಯ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟು ಇಳಿಸುವ ಮೊದಲು ಅದನ್ನೊಮ್ಮೆ ಓದಿ ನೋಡಿ ಎಂದು ಅವರಿಗೆ ಹೇಳಿದೆ.